ಕಾಲು ಉಳುಕಿದೆಯಾ? ನೋವು ಹೋದ ಮೇಲೇ ಇದೆ ನಿಜವಾದ ಕೆಲಸ

ಹೋದ ವರ್ಷ ಗಣೇಶನ ಹಬ್ಬಕ್ಕೆ ತಿಪಟೂರಿನ ಮನೆಗೆ ಹೋಗಿದ್ದೆ. ಪೂಜೆ, ಊಟ ಎಲ್ಲ ಮುಗಿದು ಸಂಜೆ ಅಕ್ಕನ ಮಗಳನ್ನು ಎತ್ತಿಕೊಂಡು ಮಹಡಿಯಿಂದ ಇಳೀತಿದ್ದೆ. ಇನ್ನು ಎರಡೇ ಮೆಟ್ಟಿಲು ಉಳಿದಿತ್ತು. ಬಲಗಾಲು ಇದ್ದಕ್ಕಿದ್ದಂತೆ ಒಳಕ್ಕೆ ಮಡಚಿಕೊಂಡಿತು. ಮೆಟ್ಟಿಲ ಮೇಲೆ ನೀರು ಚೆಲ್ಲಿರಲಿಲ್ಲ, ಚಪ್ಪಲಿ ಜಾರಲಿಲ್ಲ, ಯಾರೂ ಅಡ್ಡ ಬರಲಿಲ್ಲ. ಕಾಲು ಸುಮ್ಮನೆ ಕೈಕೊಟ್ಟಿತು.

ಗೋಡೆಗೆ ಭುಜ ಆನಿಸಿ ಹೇಗೋ ಮೆಟ್ಟಿಲ ಮೇಲೇ ಕುಸಿದು ಕೂತೆ. ಮಗು ನನ್ನ ಎದೆ ಮೇಲಿದ್ದಳು. ಅವಳಿಗೇನೂ ಆಗಲಿಲ್ಲ. ಆಟ ಅಂದ್ಕೊಂಡು "ಮಾಮಾ, ಇನ್ನೊಂದ್ಸಲ!" ಅಂತ ನಕ್ಕಳು. ಸದ್ದು ಕೇಳಿ ಅಡುಗೆಮನೆಯಿಂದ ಓಡಿಬಂದ ಅಕ್ಕ ಮಗುವನ್ನು ತಗೊಂಡಳು. ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಆ ರಾತ್ರಿಯಿಂದ ನಾನು ಬೆಂಗಳೂರಿಗೆ ಹೊರಡೋವರೆಗೆ, ನಾನು ಮೆಟ್ಟಿಲ ಹತ್ತಿರ ಹೋದಾಗಲೆಲ್ಲ ಮಗುವನ್ನು ತಾನೇ ಎತ್ತಿಕೊಳ್ಳುತ್ತಿದ್ದಳು. ಕಾಲುನೋವಿಗಿಂತ ಅದೇ ಹೆಚ್ಚು ಚುಚ್ಚಿತು.

ಅದು ನನ್ನ ಅದೇ ಕಾಲು ನಾಲ್ಕನೇ ಸಲ ಉಳುಕಿದ್ದು.

ಮೊದಲನೇ ಸಲ ಆಗಿದ್ದು ಅದಕ್ಕೆ ಹದಿನಾಲ್ಕು ತಿಂಗಳ ಹಿಂದೆ, ಭಾನುವಾರದ ಬ್ಯಾಡ್ಮಿಂಟನ್‌ನಲ್ಲಿ. ಸ್ಮ್ಯಾಶ್‌ಗೆ ಅಂತ ಹಾರಿದವನು ಪಾರ್ಟ್‌ನರ್ ಪಾದದ ಮೇಲೆ ಇಳಿದೆ. ಹತ್ತು ನಿಮಿಷದಲ್ಲಿ ಕಾಲ್ಗಿಣ್ಣಿನ ಹತ್ತಿರ ನಿಂಬೆಹಣ್ಣಿನಷ್ಟು ಊದಿಕೊಂಡಿತು. ಎಕ್ಸ್‌ರೇ ತೆಗೆಸಿದೆವು. "ಮೂಳೆ ಮುರಿದಿಲ್ಲ, ಬರೀ ಉಳುಕು. ಹತ್ತು ದಿನ ರೆಸ್ಟ್ ಮಾಡಿ" ಅಂದರು. ಕ್ರೇಪ್ ಬ್ಯಾಂಡೇಜ್, ನೋವಿನ ಮಾತ್ರೆ, ಹಚ್ಚಿಕೊಳ್ಳೋಕೆ ಜೆಲ್. ಹತ್ತು ದಿನ ವರ್ಕ್ ಫ್ರಮ್ ಹೋಮ್. ಮೂರು ವಾರಕ್ಕೆ ನೋವು ಮಾಯ. ಐದನೇ ವಾರಕ್ಕೆ ಮತ್ತೆ ಕೋರ್ಟ್‌ನಲ್ಲಿದ್ದೆ.

ಎರಡನೇ ಸಲ ಫುಟ್‌ಪಾತ್‌ನ ಅಲುಗಾಡೋ ಚಪ್ಪಡಿ ಮೇಲೆ. ಬೈದಿದ್ದು ಚಪ್ಪಡಿಯನ್ನ. ಮೂರನೇ ಸಲ ಆಫೀಸ್ ಪಾರ್ಕಿಂಗ್‌ನಲ್ಲಿ ಬೈಕ್ ಸ್ಟ್ಯಾಂಡ್ ಹಾಕುವಾಗ. ಬೈದಿದ್ದು ಬೈಕನ್ನ. ನಾಲ್ಕನೇ ಸಲ ಬೈಯೋಕೆ ಯಾರೂ ಇರಲಿಲ್ಲ. ಆಗಲೇ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿದ್ದು.

ಒಂಟಿಕಾಲ ಪರೀಕ್ಷೆ

ಮೇಡಂ ನನ್ನ ಕಾಲನ್ನು ಮುಟ್ಟೋದಕ್ಕೆ ಮೊದಲೇ ಹೇಳಿದ್ದು ಇಷ್ಟು: "ಎಡಗಾಲಲ್ಲಿ ನಿಂತ್ಕೊಳ್ಳಿ ಸರ್, ಕಣ್ಣು ಮುಚ್ಚಿ."

ನಿಂತೆ. ಸ್ವಲ್ಪ ಅಲುಗಾಡಿದರೂ ಇಪ್ಪತ್ತು ಸೆಕೆಂಡ್ ದಾಟಿಸಿದೆ. "ಈಗ ಬಲಗಾಲು." ಕಣ್ಣು ಮುಚ್ಚಿದ್ದೇ ತಡ, ಮೂರು ಎಣಿಸುವಷ್ಟರಲ್ಲಿ ಅವರ ಮೇಜು ಹಿಡ್ಕೊಂಡಿದ್ದೆ. ಆ ದಿನ ಬಲಗಾಲಿನಲ್ಲಿ ನೋವು ಇರಲೇ ಇಲ್ಲ. ಊತವೂ ಇಳಿದಿತ್ತು. ಆದರೂ ಆ ಕಾಲಿಗೆ ನನ್ನನ್ನು ನಿಲ್ಲಿಸೋಕೆ ಬರುತ್ತಿರಲಿಲ್ಲ.

"ನೋವು ಹೋಗೋದು ಬೇರೆ, ಕಾಲು ವಾಪಸ್ ಬರೋದು ಬೇರೆ. ನೀವು ಮೊದಲನೇದಕ್ಕೆ ಕಾದಿದ್ದೀರಿ, ಎರಡನೇದಕ್ಕೆ ಏನೂ ಮಾಡಿಲ್ಲ" ಅಂದರು.

ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದರೆ, ಎರರ್ ಮೆಸೇಜ್ ಕಾಣಿಸೋದು ನಿಂತ ತಕ್ಷಣ ಟಿಕೆಟ್ ಕ್ಲೋಸ್ ಮಾಡಿದ್ದೆ. ಒಳಗಿನ ಬಗ್ ಹಾಗೇ ಇತ್ತು. ಈ ಲೇಖನ ಬರೀತಿರೋದು ಆ ಒಂದು ತಪ್ಪನ್ನು ನೀವು ಮಾಡದೇ ಇರಲಿ ಅಂತ.

ಉಳುಕಿದಾಗ ಒಳಗೇನಾಗುತ್ತೆ?

ಪಾದದ ಗಂಟು, ಅಂದ್ರೆ ಆಂಕಲ್‌ನ ಹೊರಬದಿಯಲ್ಲಿ ಮೂಳೆಯಿಂದ ಮೂಳೆಗೆ ಕಟ್ಟಿದ ಮೂರು ಪಟ್ಟಿಗಳಿವೆ. ಇವೇ ಲಿಗಮೆಂಟ್. ಪಾದ ಒಳಕ್ಕೆ ಮಡಚಿದಾಗ ಸಾಮಾನ್ಯವಾಗಿ ಮೊದಲು ಏಟು ಬೀಳೋದು ಮುಂದಿನ ಪಟ್ಟಿಗೆ. ಅದು ಹಿಗ್ಗಿ ಸಣ್ಣದಾಗಿ ಹರಿದಿದ್ದರೆ ಮೊದಲ ದರ್ಜೆಯ ಉಳುಕು, ಅರ್ಧಂಬರ್ಧ ಹರಿದಿದ್ದರೆ ಎರಡನೇ ದರ್ಜೆ, ಪೂರ್ತಿ ತುಂಡಾಗಿದ್ದರೆ ಮೂರನೇ ದರ್ಜೆ.

ಹರಿದ ಪಟ್ಟಿ ಬಹುತೇಕ ಸಲ ತಾನಾಗಿ ಕೂಡಿಕೊಳ್ಳುತ್ತೆ. ಆಪರೇಷನ್ ಬೇಕಾಗೋದು ಅಪರೂಪ. ಆದರೆ ಪಟ್ಟಿಯ ಕೆಲಸ ಬರೀ ಹಗ್ಗದಂತೆ ಕಟ್ಟಿ ಹಿಡಿಯೋದಲ್ಲ. ಅದರೊಳಗೆ ಸೂಕ್ಷ್ಮ ನರದ ತುದಿಗಳಿವೆ. ಪಾದ ಈಗ ಎಷ್ಟು ವಾಲಿದೆ, ಎತ್ತ ತಿರುಗಿದೆ ಅನ್ನೋ ಸುದ್ದಿಯನ್ನು ಅವು ಮಿದುಳಿಗೆ ಕಳಿಸ್ತಾ ಇರ್ತವೆ. ಕರೆಂಟ್ ಹೋದಾಗ ಕತ್ತಲಲ್ಲೂ ತುತ್ತು ಸರಿಯಾಗಿ ಬಾಯಿಗೇ ಹೋಗುತ್ತಲ್ಲ, ಅಂಥದೇ ಅರಿವು ಇದು. ಪ್ರೊಪ್ರಿಯೋಸೆಪ್ಷನ್ ಅಂತಾರೆ. ಉಳುಕಿನಲ್ಲಿ ಈ ಅರಿವಿಗೂ ಪೆಟ್ಟು ಬೀಳುತ್ತೆ. ಜೊತೆಗೆ ಕೆಲವು ದಿನ ಕಾಲು ಊರದೇ ಇದ್ದರೆ ಮೀನಖಂಡವೂ, ಪಾದವನ್ನು ಹೊರಕ್ಕೆ ಎಳೆದು ಕಾಪಾಡುವ ಕಾಲಿನ ಹೊರಬದಿಯ ಮಾಂಸಖಂಡಗಳೂ ಸೊರಗುತ್ತವೆ. ಮುಂದಿನ ಸಲ ಪಾದ ವಾಲಿದಾಗ ಸುದ್ದಿ ತಡವಾಗಿ ಹೋಗುತ್ತೆ, ಎಳೆದು ನಿಲ್ಲಿಸಬೇಕಾದ ಮಾಂಸಖಂಡ ತಡವಾಗಿ ಏಳುತ್ತೆ. ಅಷ್ಟರಲ್ಲಿ ನೀವು ನೆಲದ ಮೇಲೆ.

ಇದು ಹೊಸ ಸಂಗತಿಯೇನಲ್ಲ. 1965ರಲ್ಲೇ ಇಂಗ್ಲೆಂಡಿನ ಮೂಳೆತಜ್ಞ ಫ್ರೀಮನ್ ಮತ್ತು ಅವರ ಸಂಗಡಿಗರು, ಉಳುಕಿದ ಮೇಲೆ "ಕಾಲು ಕೈಕೊಡುತ್ತೆ" ಅಂತ ಬರುವ ರೋಗಿಗಳನ್ನು ಗಮನಿಸಿ, ಹಾಳಾಗಿರೋದು ಈ ನರಗಳ ಅರಿವು ಅಂತ ವಾದಿಸಿದ್ದರು. ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸಿ ಸಮತೋಲನ ಕಲಿಸಿದರೆ ಅದು ಸುಧಾರಿಸುತ್ತೆ ಅಂತಲೂ ತೋರಿಸಿದ್ದರು. ಇವತ್ತಿಗೂ ಫಿಸಿಯೋ ಕ್ಲಿನಿಕ್‌ಗಳಲ್ಲಿ ಕಾಣುವ ವಾಬಲ್ ಬೋರ್ಡ್‌ನ ಹಿಂದಿರೋದು ಅದೇ ಯೋಚನೆ.

ಮೊದಲು ನೋಡಬೇಕಾದ್ದು: ಮೂಳೆಗೆ ಏಟಾಗಿದೆಯಾ?

ವ್ಯಾಯಾಮದ ಮಾತು ಆಮೇಲೆ. ಮೂಳೆ ಮುರಿದಿಲ್ಲ ಅಂತ ಮೊದಲು ಖಾತ್ರಿ ಆಗಬೇಕು. ಕೆನಡಾದ ಒಟ್ಟಾವಾ ನಗರದ ತುರ್ತುಚಿಕಿತ್ಸಾ ವೈದ್ಯರು 1990ರ ದಶಕದ ಆರಂಭದಲ್ಲಿ ಇದಕ್ಕೊಂದು ಸರಳ ನಿಯಮ ಮಾಡಿದರು. ಜಗತ್ತಿನಾದ್ಯಂತ ಅದನ್ನೇ ಬಳಸ್ತಾರೆ. ಈ ಕೆಳಗಿನದರಲ್ಲಿ ಒಂದಿದ್ದರೂ ಎಕ್ಸ್‌ರೇ ಬೇಕು:

• ಹೊರಗಿನ ಅಥವಾ ಒಳಗಿನ ಕಾಲ್ಗಿಣ್ಣಿನ ಮೂಳೆಯ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದರೆ ನೋವಾಗೋದು.
• ಪಾದದ ಹೊರ ಅಂಚಿನ ನಡುಭಾಗದಲ್ಲಿ, ಕಿರುಬೆರಳಿನ ಉದ್ದ ಮೂಳೆ ಶುರುವಾಗುವ ಕಡೆ, ಒತ್ತಿದರೆ ನೋವಾಗೋದು.
• ಪಾದದ ಒಳಬದಿಯ ನಡುಭಾಗದ ಮೂಳೆಯನ್ನು ಒತ್ತಿದರೆ ನೋವಾಗೋದು.
• ಉಳುಕಿದ ತಕ್ಷಣವೂ, ಡಾಕ್ಟರ್ ನೋಡುವಾಗಲೂ, ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡೋಕೆ ಆಗದೇ ಇರೋದು.

ಕಾಲಿನ ಆಕಾರವೇ ಬದಲಾಗಿದ್ದರೆ, ಬೆರಳು ತಣ್ಣಗಾಗಿದ್ದರೆ ಅಥವಾ ಮರಗಟ್ಟಿದ್ದರೆ ನಿಯಮ ಓದ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಚಿಕ್ಕ ಮಕ್ಕಳ ವಿಷಯದಲ್ಲೂ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರ ವಿಷಯದಲ್ಲೂ ಮನೆಯಲ್ಲೇ ತೀರ್ಮಾನ ಮಾಡಬೇಡಿ.

ಹುಣಸೆಹಣ್ಣು, ಉಳುಕು ತೆಗೆಸೋದು, ಐಸು

ಮೊದಲ ಸಲ ಉಳುಕಿದಾಗ ಅಮ್ಮ ಬಸ್ ಹತ್ತಿ ಬಂದು ಹುಣಸೆಹಣ್ಣು, ಉಪ್ಪು ಕುದಿಸಿ ಬಿಸಿಬಿಸಿ ಪಟ್ಟು ಹಾಕಿದರು. ದೊಡ್ಡಪ್ಪ ಫೋನ್ ಮಾಡಿ, "ಅಲ್ಲೆಲ್ಲ ದುಡ್ಡು ಸುರಿಬೇಡ ಕಣೋ, ಊರಿಗೆ ಬಾ, ಎಣ್ಣೆ ಹಚ್ಚಿ ಒಂದ್ಸಲ ಜಗ್ಗಿದ್ರೆ ಉಳುಕು ಹೋಗುತ್ತೆ" ಅಂದರು. ಆಫೀಸಿನ ಗೆಳೆಯ, "ಪುತ್ತೂರು ಕಟ್ಟು ಹಾಕಿಸ್ಕೋ" ಅಂದ. ಉಳುಕಿದ ಕಾಲಿಗೆ ಸಲಹೆ ಕೊಡದವರು ನಮ್ಮಲ್ಲಿ ಯಾರೂ ಇಲ್ಲ.

ಪ್ರೀತಿಯಿಂದ ಹೇಳೋದನ್ನು ಆಡಿಕೊಳ್ಳೋದು ನನ್ನ ಉದ್ದೇಶವಲ್ಲ. ಆದರೆ ಎರಡು ಮಾತು ನೆನಪಿರಲಿ. ಮೊದಲ ಎರಡು ಮೂರು ದಿನ ಬಿಸಿ ಶಾಖ, ಜೋರಾಗಿ ತಿಕ್ಕೋದು, ಜಗ್ಗೋದು ಮಾಡಿದರೆ ಊತ ಹೆಚ್ಚಬಹುದು. ಮೂಳೆಗೆ ಏಟಾಗಿದ್ದರಂತೂ ಅಪಾಯ. ಇನ್ನೊಂದು, ಬಿಗಿಯಾಗಿ ಕಟ್ಟಿ ವಾರಗಟ್ಟಲೆ ಅಲುಗಾಡಿಸದೇ ಬಿಟ್ಟರೆ ಗಂಟು ಗಡುಸಾಗುತ್ತೆ, ಮಾಂಸಖಂಡ ಕರಗುತ್ತೆ. ಪಟ್ಟಿ ಪೂರ್ತಿ ಹರಿದಿದ್ದರೆ ಡಾಕ್ಟರೇ ಕೆಲವು ದಿನ ಬೂಟೋ ಪಟ್ಟಿಯೋ ಹಾಕಬಹುದು, ಅದು ಬೇರೆ ವಿಷಯ.

ಹಾಗಾದರೆ ಐಸು? 1978ರಲ್ಲಿ ಅಮೆರಿಕದ ಡಾ. ಗೇಬ್ ಮಿರ್ಕಿನ್ ತಮ್ಮ ಪುಸ್ತಕದಲ್ಲಿ ವಿಶ್ರಾಂತಿ, ಐಸು, ಬಿಗಿ ಪಟ್ಟಿ, ಕಾಲು ಎತ್ತರಕ್ಕಿಡೋದು ಈ ನಾಲ್ಕನ್ನೂ ಸೇರಿಸಿ 'ರೈಸ್' ಅಂತ ಹೆಸರಿಟ್ಟರು. ಪ್ರಪಂಚವೆಲ್ಲ ಅದನ್ನು ಬಾಯಿಪಾಠ ಮಾಡಿತು. ಸುಮಾರು ಮೂರೂವರೆ ದಶಕದ ಮೇಲೆ ಅವರೇ, ಐಸು ಮತ್ತು ಪೂರ್ತಿ ವಿಶ್ರಾಂತಿ ಗುಣವಾಗೋದನ್ನು ತಡಮಾಡಬಹುದು ಅಂತ ತಮ್ಮ ಮಾತು ತಿದ್ದಿಕೊಂಡರು. ಮೊದಲೆರಡು ದಿನ ನೋವು ತಡೆಯೋಕಾಗದಿದ್ದರೆ ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಐಸು ಇಡಿ, ತೊಂದರೆಯಿಲ್ಲ. ಆದರೆ ಅದನ್ನೇ ಚಿಕಿತ್ಸೆ ಅಂದ್ಕೋಬೇಡಿ. 2010ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' 101 ಜನರ ಮೇಲೆ ನಡೆದ ಒಂದು ಪ್ರಯೋಗವನ್ನು ಪ್ರಕಟಿಸಿತು. ಸಾಧಾರಣ ಉಳುಕಿಗೆ ಮೊದಲ ವಾರದಿಂದಲೇ ಮೆಲ್ಲಗೆ ವ್ಯಾಯಾಮ ಶುರು ಮಾಡಿದವರ ಕಾಲು, ಬರೀ ಐಸು-ಪಟ್ಟಿಯಲ್ಲಿ ಇದ್ದವರಿಗಿಂತ ಮೊದಲ ಎರಡು ವಾರದಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು.

ಮೊದಲ ಹಂತ: ಪಾದದಿಂದ ಅ, ಆ, ಇ, ಈ

ಮೇಡಂ ನನಗೆ ಬರೆದುಕೊಟ್ಟಿದ್ದು ನಾಲ್ಕು ಹಂತ. ದಿನಗಳ ಲೆಕ್ಕ ಅಂದಾಜು ಮಾತ್ರ. ಎಷ್ಟು ಜೋರಾಗಿ ಉಳುಕಿದೆ ಅನ್ನೋದರ ಮೇಲೆ ಹಿಂದೆ ಮುಂದೆ ಆಗುತ್ತೆ. ನೋವಿಗೆ ಅವರದ್ದೊಂದು ಸೂತ್ರ ಇತ್ತು: ಹತ್ತಕ್ಕೆ ಮೂರರಷ್ಟು ನೋವು ಬಂದರೆ ಮುಂದುವರಿಸಿ. ಅದಕ್ಕಿಂತ ಹೆಚ್ಚಾದರೆ, ಅಥವಾ ಮಾರನೇ ಬೆಳಗ್ಗೆ ಊತ ಜಾಸ್ತಿಯಾಗಿದ್ದರೆ, ಹಿಂದಿನ ದಿನದ್ದು ಅತಿಯಾಯ್ತು ಅಂತ ಅರ್ಥ. ಅವತ್ತು ಸ್ವಲ್ಪ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ.

ಮೊದಲ ನಾಲ್ಕೈದು ದಿನ ಇಷ್ಟು ಸಾಕು. ಕೂತಾಗ, ಮಲಗಿದಾಗ ಕಾಲನ್ನು ಎದೆಮಟ್ಟಕ್ಕಿಂತ ಮೇಲಿರುವಂತೆ ದಿಂಬಿನ ಮೇಲಿಡಿ. ಕ್ರೇಪ್ ಬ್ಯಾಂಡೇಜ್ ಕಟ್ಟಿ, ಬೆರಳು ನೀಲಿಯಾಗುವಷ್ಟು ಬಿಗಿಯಾಗಿ ಬೇಡ. ಪಾದವನ್ನು ಮೇಲೆ ಕೆಳಗೆ ಹದಿನೈದು ಸಲ ಆಡಿಸಿ, ದಿನಕ್ಕೆ ಐದಾರು ಬಾರಿ.

ಆಮೇಲೆ ಅಕ್ಷರಾಭ್ಯಾಸ. ಹೆಬ್ಬೆರಳೇ ಬಳಪ ಅಂದ್ಕೊಂಡು ಗಾಳಿಯಲ್ಲಿ ಬರೆಯೋದು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಬರೆಯಿರಿ ಅಂದರು. ನಾನು ಕನ್ನಡದಲ್ಲಿ ಬರೆದೆ. ಇಂಗ್ಲಿಷಿನ 'ಐ' ಒಂದು ಗೀಟು ಅಷ್ಟೇ. ನಮ್ಮ 'ಋ', 'ಞ' ಬರೆದು ನೋಡಿ, ಪಾದ ಎಲ್ಲಾ ದಿಕ್ಕಿಗೂ ತಿರುಗಲೇಬೇಕು. ಮೊಣಕಾಲು ಅಲುಗಾಡದೇ ಪಾದ ಮಾತ್ರ ಆಡಬೇಕು ಅನ್ನೋದು ನೆನಪಿಡಿ.

ಸಾಧ್ಯವಾದಷ್ಟು ಬೇಗ ನಡೆಯೋಕೆ ಶುರು ಮಾಡಿ, ಬೇಕಿದ್ದರೆ ಊರುಗೋಲು ಹಿಡಿದು. ಕುಂಟೋದನ್ನ ಅಭ್ಯಾಸ ಮಾಡಿಕೊಳ್ಳಬೇಡಿ. ಹೆಜ್ಜೆ ಚಿಕ್ಕದಾದರೂ ಪರವಾಗಿಲ್ಲ, ಮೊದಲು ಹಿಮ್ಮಡಿ, ಆಮೇಲೆ ಬೆರಳು ನೆಲಕ್ಕೆ ತಾಗಲಿ.

ಎರಡನೇ ಹಂತ: ಗೋಡೆ, ಟವೆಲ್, ಸೈಕಲ್ ಟ್ಯೂಬ್

ಊತ ಇಳಿದು ಕಾಲು ಊರೋಕೆ ಬಂದ ಮೇಲೆ, ಸುಮಾರು ಒಂದರಿಂದ ಮೂರನೇ ವಾರ. ಈಗಿನ ಗುರಿ, ಗಂಟು ಎಷ್ಟು ಮಡಚಬೇಕೋ ಅಷ್ಟು ಮಡಚುವಂತೆ ಮಾಡೋದು ಮತ್ತು ಮಾಂಸಖಂಡಕ್ಕೆ ಮತ್ತೆ ಕೆಲಸ ಕೊಡೋದು.

ಗೋಡೆ: ಗೋಡೆ ಎದುರು ನಿಂತು ಉಳುಕಿದ ಕಾಲನ್ನು ಮುಂದಿಡಿ. ಹಿಮ್ಮಡಿ ಎತ್ತದೇ ಮೊಣಕಾಲನ್ನು ಗೋಡೆಗೆ ತಾಗಿಸಿ. ತಾಗಿದರೆ ಪಾದವನ್ನು ಒಂದು ಬೆರಳಷ್ಟು ಹಿಂದಕ್ಕೆ ತನ್ನಿ, ಮತ್ತೆ ತಾಗಿಸಿ. ಎಲ್ಲಿಯವರೆಗೆ ಆಗುತ್ತೋ ಅಲ್ಲಿ ಹೆಬ್ಬೆರಳಿಗೂ ಗೋಡೆಗೂ ಇರುವ ಅಂತರವನ್ನು ಸ್ಕೇಲ್‌ನಲ್ಲಿ ಅಳೆಯಿರಿ. ಇನ್ನೊಂದು ಕಾಲನ್ನೂ ಅಳೆಯಿರಿ. ನನ್ನ ಎಡಗಾಲು 11 ಸೆಂಟಿಮೀಟರ್, ಬಲಗಾಲು 6. ಹದಿನಾಲ್ಕು ತಿಂಗಳಿಂದ ನನಗೆ ಗೊತ್ತೇ ಇಲ್ಲದ ಐದು ಸೆಂಟಿಮೀಟರ್ ಅದು.

ಟವೆಲ್: ಕಾಲು ಚಾಚಿ ಕೂತು, ಪಾದದ ಮುಂಭಾಗಕ್ಕೆ ಟವೆಲ್ ಹಾಕಿ ನಿಮ್ಮ ಕಡೆಗೆ ಎಳೆಯಿರಿ. ಮೀನಖಂಡ ಹಿಗ್ಗುವಂತೆ ಮೂವತ್ತು ಸೆಕೆಂಡ್ ಹಿಡಿಯಿರಿ, ಮೂರು ಸಲ.

ಸೈಕಲ್ ಟ್ಯೂಬ್: ವ್ಯಾಯಾಮದ ರಬ್ಬರ್ ಬ್ಯಾಂಡ್ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತೆ. ಇಲ್ಲದಿದ್ದರೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿಕೊಂಡರೂ ಆಯ್ತು. ಒಂದು ತುದಿಯನ್ನು ಮಂಚದ ಕಾಲಿಗೆ ಕಟ್ಟಿ, ಇನ್ನೊಂದನ್ನು ಪಾದಕ್ಕೆ ಸುತ್ತಿ, ನಾಲ್ಕೂ ದಿಕ್ಕಿಗೆ ಎಳೆಯಿರಿ. ಪ್ರತಿ ದಿಕ್ಕಿಗೂ ಹನ್ನೆರಡರಿಂದ ಹದಿನೈದು ಸಲ, ಮೂರು ಸುತ್ತು. ಇದರಲ್ಲಿ ಮುಖ್ಯವಾದದ್ದು ಪಾದವನ್ನು ಹೊರಕ್ಕೆ ಎಳೆಯೋದು. ಒಳಕ್ಕೆ ಎಳೆಯೋದನ್ನು ನೋವು ಪೂರ್ತಿ ಕಡಿಮೆಯಾದ ಮೇಲೆ ಮಾಡಿ. ಎಳೆಯುವಾಗ ಇರುವಷ್ಟೇ ನಿಧಾನ ವಾಪಸ್ ಬಿಡುವಾಗಲೂ ಇರಲಿ.

ಜೊತೆಗೆ ಅಡುಗೆಕಟ್ಟೆ ಹಿಡಿದು ಎರಡೂ ಕಾಲಿನ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಇಳಿಯೋದು, ಹದಿನೈದು ಸಲ.

ಮೂರನೇ ಹಂತ: ಭಗೀರಥನ ತಪಸ್ಸು

ಮೂರರಿಂದ ಆರನೇ ವಾರ. ನಾನು ತಪ್ಪಿಸಿಕೊಂಡಿದ್ದ ಪಾಠ ಇದೇ. ನೋವಿಲ್ಲ, ನಡೆಯೋಕೆ ಬರುತ್ತೆ, ಹಾಗಾಗಿ ಎಲ್ಲ ಸರಿಯಾಯ್ತು ಅನ್ನಿಸುವ ಕಾಲ. ಬಹಳ ಜನ ಬಿಟ್ಟುಬಿಡೋದೂ ಇಲ್ಲೇ.

ಗೋಡೆಯ ಹತ್ತಿರ, ಬಿದ್ದರೆ ಹಿಡಿಯೋಕೆ ಆಗುವಂತೆ, ಒಂಟಿಕಾಲಲ್ಲಿ ನಿಲ್ಲಿ. ಮೂವತ್ತು ಸೆಕೆಂಡ್, ಮೂರು ಸಲ. ಇದು ಸುಲಭವಾದ ಮೇಲೆ ಕಷ್ಟ ಹೆಚ್ಚಿಸ್ತಾ ಹೋಗಬೇಕು:

• ಕೈ ಎದೆಗೆ ಕಟ್ಟಿಕೊಂಡು
• ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸ್ತಾ
• ಕಣ್ಣು ಮುಚ್ಚಿ
• ಮಡಚಿದ ಕಂಬಳಿ ಅಥವಾ ದಿಂಬಿನ ಮೇಲೆ
• ಒಂಟಿಕಾಲಲ್ಲೇ ಗೋಡೆಗೆ ಚೆಂಡು ಎಸೆದು ಹಿಡೀತಾ

ಕಾಲು ಗಡಗಡ ನಡುಗುತ್ತೆ. ನಡುಗಬೇಕು. ಆ ನಡುಕದಲ್ಲೇ ಪಾದ ಮತ್ತು ಮಿದುಳು ಮತ್ತೆ ಮಾತಾಡೋಕೆ ಕಲೀತಿರೋದು. ನಾಲ್ಕನೇ ದಿನ ನಾನು ಕಣ್ಣು ಮುಚ್ಚಿ ಏಳು ಸೆಕೆಂಡ್ ನಿಂತೆ. ಮೂರನೇ ವಾರದ ಕೊನೆಗೆ ಹದಿನೆಂಟು. ಮಧ್ಯೆ ಒಂದು ವಾರ ಒಂದು ಸೆಕೆಂಡೂ ಮುಂದೆ ಹೋಗಲಿಲ್ಲ. ಮೇಡಂಗೆ ಮೆಸೇಜ್ ಮಾಡಿದೆ. "ಹಾಗೇ ಆಗುತ್ತೆ, ಬಿಡಬೇಡಿ" ಅಂತ ಒಂದೇ ಸಾಲಿನ ಉತ್ತರ ಬಂತು.

ಇದೇ ಹಂತದಲ್ಲಿ ಒಂದೇ ಕಾಲಿನ ಹಿಮ್ಮಡಿ ಎತ್ತೋದು ಶುರು. ಮೊದಲ ದಿನ ನನ್ನ ಬಲಗಾಲು ಆರಕ್ಕೇ ಸುಸ್ತು. ಎಡಗಾಲು ಇಪ್ಪತ್ತೆರಡು. ಮೆಟ್ಟಿಲ ಮೇಲೆ ಉಳುಕಿದ ಕಾಲಲ್ಲಿ ನಿಂತು ಇನ್ನೊಂದು ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿನ ಮೆಟ್ಟಿಲಿಗೆ ತಾಗಿಸಿ ವಾಪಸ್ ಬರೋದು ಇನ್ನೊಂದು ವ್ಯಾಯಾಮ. ಹಬ್ಬದ ದಿನ ನಾನು ಬಿದ್ದಿದ್ದು ಇಂಥದೇ ಚಲನೆಯಲ್ಲಿ. ಇದನ್ನು ಮಾಡುವಾಗ ಮೊದಲ ವಾರವೆಲ್ಲ ಕಂಬಿ ಬಿಡೋಕೆ ಧೈರ್ಯ ಬರಲಿಲ್ಲ. ಹೆದರಿಕೆಯೂ ಗಾಯದ ಒಂದು ಭಾಗ ಅಂತ ಅರ್ಥವಾಗಿದ್ದು ಆಗಲೇ.

ನಾಲ್ಕನೇ ಹಂತ: ಕುಂಟೆಬಿಲ್ಲೆ

ಆರರಿಂದ ಹನ್ನೆರಡನೇ ವಾರ. ನಡೆಯೋಕೆ ಮಾತ್ರ ಕಾಲು ಬೇಕು ಅನ್ನೋರಿಗೆ ಮೂರನೇ ಹಂತದವರೆಗೆ ಬಂದರೆ ದಿನನಿತ್ಯಕ್ಕೆ ನಡೆದುಹೋಗುತ್ತೆ. ಆಟ, ಓಟ, ಟ್ರೆಕ್ಕಿಂಗ್ ಇರೋರಿಗೆ ಇದು ಬೇಕೇ ಬೇಕು. ಯಾಕಂದ್ರೆ ಕೋರ್ಟ್‌ನಲ್ಲಿ ಯಾರೂ ಸುಮ್ಮನೆ ನಿಂತಿರಲ್ಲ. ಹಾರ್ತೀವಿ, ಇಳೀತೀವಿ, ತಟ್ಟನೆ ತಿರುಗ್ತೀವಿ.

ಮೊದಲು ಎರಡೂ ಕಾಲಲ್ಲಿ ಸಣ್ಣ ಜಿಗಿತ. ಆಮೇಲೆ ಸ್ಕಿಪ್ಪಿಂಗ್. ಆಮೇಲೆ ಒಂಟಿಕಾಲಲ್ಲಿ ಮುಂದಕ್ಕೆ, ಪಕ್ಕಕ್ಕೆ, ಹಿಂದಕ್ಕೆ ಕುಪ್ಪಳಿಸೋದು. ಇಳಿಯುವಾಗ ಮೊಣಕಾಲು ಸ್ವಲ್ಪ ಮಡಚಿ, ಸದ್ದಾಗದಂತೆ ಇಳೀಬೇಕು. ನಾನು ಟೆರೇಸ್ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದು ಕುಂಟೆಬಿಲ್ಲೆ ಆಡಿದೆ. ಪಕ್ಕದ ಮನೆ ಆಂಟಿ ಬಟ್ಟೆ ಒಣಹಾಕ್ತಾ, "ಏನಪ್ಪಾ, ಚೆನ್ನಾಗಿದೀಯಾ?" ಅಂತ ಕೇಳಿದರು. ಆಮೇಲೆ ಎಂಟರ ಆಕಾರದಲ್ಲಿ ಓಟ, ಅಡ್ಡಡ್ಡ ಹೆಜ್ಜೆ, ಕೊನೆಗೆ ರಾಕೆಟ್ ಹಿಡಿದು ಅರ್ಧ ವೇಗದ ಆಟ.

ಕೋರ್ಟ್‌ಗೆ ಯಾವಾಗ ಇಳೀಬಹುದು ಅನ್ನೋದಕ್ಕೆ ಕ್ಯಾಲೆಂಡರ್ ನೋಡಬೇಡಿ, ಕಾಲನ್ನು ಕೇಳಿ. ನನಗೆ ಕೊಟ್ಟ ಪಟ್ಟಿ ಇದು:

• ಗೋಡೆಯ ಅಳತೆಯಲ್ಲಿ ಎರಡೂ ಕಾಲಿಗೆ ಒಂದೂವರೆ ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು.
• ಒಂಟಿಕಾಲ ಹಿಮ್ಮಡಿ ಎತ್ತುವಿಕೆ ಇನ್ನೊಂದು ಕಾಲಿನಷ್ಟೇ ಆಗಬೇಕು.
• ಕಣ್ಣು ತೆರೆದು ಒಂಟಿಕಾಲಲ್ಲಿ ಮೂವತ್ತು ಸೆಕೆಂಡ್ ಗಟ್ಟಿಯಾಗಿ ನಿಲ್ಲಬೇಕು.
• ಕುಪ್ಪಳಿಸಿದಾಗ ನೋವಾಗಬಾರದು, ಮಾರನೇ ದಿನ ಊತ ಬರಬಾರದು.
• ಕಾಲಿನ ಮೇಲೆ ನಿಮಗೆ ನಂಬಿಕೆ ಇರಬೇಕು.

ಆಟಕ್ಕೆ ವಾಪಸಾದ ಮೊದಲ ತಿಂಗಳುಗಳಲ್ಲಿ ಲೇಸ್ ಇರುವ ಆಂಕಲ್ ಬ್ರೇಸ್ ಹಾಕಿಕೊಳ್ಳೋದೂ ಒಳ್ಳೆಯದು. ಅದೂ ಮತ್ತೆ ಉಳುಕೋದನ್ನು ಕಡಿಮೆ ಮಾಡುತ್ತೆ. ಆದರೆ ಬ್ರೇಸ್ ಇದೆ ಅಂತ ವ್ಯಾಯಾಮ ಬಿಡಬೇಡಿ.

ಇಷ್ಟೆಲ್ಲ ಮಾಡಿದರೆ ನಿಜವಾಗಲೂ ಉಪಯೋಗ ಇದೆಯಾ?

ನಾನೂ ಇದನ್ನೇ ಕೇಳಿದ್ದೆ. ಐರ್ಲೆಂಡಿನಲ್ಲಿ ಮೊದಲ ಸಲ ಆಂಕಲ್ ಉಳುಕಿದವರನ್ನು ಒಂದು ವರ್ಷ ಹಿಂಬಾಲಿಸಿ ನೋಡಿದಾಗ, 40% ಜನರಿಗೆ ಕಾಲು ಪದೇಪದೇ ಕೈಕೊಡುವ ತೊಂದರೆ ಉಳಿದುಕೊಂಡಿತ್ತು. "ಬರೀ ಉಳುಕು" ಅನ್ನೋ ಮಾತು ಎಷ್ಟು ದುಬಾರಿ ನೋಡಿ.

ಇನ್ನೊಂದು ಕಡೆ, ನೆದರ್ಲೆಂಡ್ಸ್‌ನ ಸಂಶೋಧಕರು ಉಳುಕಿದ 522 ಕ್ರೀಡಾಪಟುಗಳನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ. ಒಂದು ಗುಂಪಿಗೆ ಮಾತ್ರ ಅದರ ಜೊತೆ ಎಂಟು ವಾರ ಮನೆಯಲ್ಲೇ ಮಾಡುವ ಸಮತೋಲನದ ವ್ಯಾಯಾಮ. ಪಕ್ಕದಲ್ಲಿ ಯಾವ ಫಿಸಿಯೋನೂ ಇರಲಿಲ್ಲ. ವರ್ಷ ಕಳೆದ ಮೇಲೆ ವ್ಯಾಯಾಮವಿಲ್ಲದ ಗುಂಪಿನಲ್ಲಿ 33% ಜನರಿಗೆ ಮತ್ತೆ ಉಳುಕಿತ್ತು, ವ್ಯಾಯಾಮ ಮಾಡಿದ ಗುಂಪಿನಲ್ಲಿ 22%. 2009ರಲ್ಲಿ ಬಂದ ಫಲಿತಾಂಶ ಇದು. ಪವಾಡವೇನಲ್ಲ, ಮಾಡಿದವರಲ್ಲೂ ಕೆಲವರಿಗೆ ಉಳುಕಿದೆ. ಆದರೆ ಮನೆಯ ನೆಲದ ಮೇಲೆ ನಿಂತು ಗಳಿಸಬಹುದಾದ ಲಾಭ ಇದು.

ಟೈಮ್ ಎಲ್ಲಿದೆ?

ನಾನು ಮೊದಲು ಮಾಡಿದ್ದು ಎಕ್ಸೆಲ್ ಶೀಟ್. ಬಣ್ಣ ಬಣ್ಣದ ಕಾಲಮ್, ಗ್ರಾಫ್, ಎಲ್ಲ. ಎರಡನೇ ವಾರಕ್ಕೆ ಅದನ್ನು ತೆರೆಯೋದು ನಿಂತಿತು. ಆ್ಯಪ್ ಹಾಕ್ಕೊಂಡೆ, ಅದರ ನೋಟಿಫಿಕೇಷನ್ನನ್ನೂ ಉಳಿದವುಗಳ ಜೊತೆ ಸರಿಸಿದೆ. ಡಚ್ ಸಂಶೋಧಕರು ಇದೇ ವ್ಯಾಯಾಮಗಳನ್ನು ಆ್ಯಪ್‌ನಲ್ಲೂ ಮುದ್ರಿತ ಪುಸ್ತಿಕೆಯಲ್ಲೂ ಕೊಟ್ಟು ಹೋಲಿಸಿದ್ದಾರೆ. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಸಾಫ್ಟ್‌ವೇರ್ ಬರೆದು ಅನ್ನ ತಿನ್ನೋ ನನಗೆ ಇದನ್ನು ಒಪ್ಪಿಕೊಳ್ಳೋದು ಸ್ವಲ್ಪ ಕಷ್ಟವೇ.

ಕೆಲಸಕ್ಕೆ ಬಂದಿದ್ದು, ಹೇಗಿದ್ದರೂ ಮಾಡಲೇಬೇಕಾದ ಕೆಲಸಕ್ಕೆ ವ್ಯಾಯಾಮವನ್ನು ಗಂಟುಹಾಕಿದ್ದು. ಹಲ್ಲುಜ್ಜುವಾಗ ಒಂಟಿಕಾಲು. ಹಾಲು ಕಾಯುವಾಗ ಹಿಮ್ಮಡಿ ಎತ್ತೋದು. ಬೆಳಗ್ಗೆ ಟೀಮಿನ ಸ್ಟ್ಯಾಂಡ್‌ಅಪ್ ಕಾಲ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ದಿಂಬಿನ ಮೇಲೆ. ವಾರಕ್ಕೆ ಮೂರು ದಿನ ಮಾತ್ರ ಬೇರೆಯಾಗಿ ಅರ್ಧ ಗಂಟೆ. ಫಿಸಿಯೋ ಹತ್ತಿರ ಹೋಗಿದ್ದು ಒಟ್ಟು ಐದು ಸಲ, ಉಳಿದದ್ದೆಲ್ಲ ಮನೆಯಲ್ಲೇ.

ಒಮ್ಮೆಯಾದರೂ ತಿಳಿದವರ ಹತ್ತಿರ ತೋರಿಸಿಕೊಂಡೇ ಶುರು ಮಾಡಿ. ಆರು ವಾರದ ಮೇಲೂ ನೋವು, ಊತ ಇಳಿಯದಿದ್ದರೆ, ಗಂಟಿನೊಳಗೆ ಏನೋ ಸಿಕ್ಕಿಹಾಕಿಕೊಂಡಂತೆ ಅನ್ನಿಸಿದರೆ, ವ್ಯಾಯಾಮ ಮಾಡಿದರೂ ಕಾಲು ಪದೇಪದೇ ಕೈಕೊಡ್ತಿದ್ದರೆ ಮೂಳೆತಜ್ಞರನ್ನು ಕಾಣಿ. ಮೀನಖಂಡ ಊದಿ, ಕೆಂಪಾಗಿ, ಬಿಸಿಯಾಗಿ ನೋಯುತ್ತಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಅದು ರಕ್ತ ಹೆಪ್ಪುಗಟ್ಟಿರುವ ಸೂಚನೆ ಇರಬಹುದು.

ದೀಪಾವಳಿಗೆ ಊರಿಗೆ ಹೋದಾಗ ನಾನು ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತೋದನ್ನು ನೋಡಿ ಅಮ್ಮ, "ನಂಗೂ ಎಡಗಾಲು ಹಂಗೇ ಕಣೋ, ಆವಾಗಾವಾಗ ಮಡಚ್ಕೊಳುತ್ತೆ" ಅಂದರು. ಯಾವಾಗಿನಿಂದ ಅಂದೆ. ನಾನು ಎಂಜಿನಿಯರಿಂಗ್ ಓದುವಾಗ ಬಾವಿಕಟ್ಟೆ ಹತ್ತಿರ ಉಳುಕಿತ್ತಂತೆ. ಹತ್ತು ವರ್ಷದಿಂದ ಅವರು ಮಹಡಿ ಹತ್ತೋದನ್ನೇ ಕಡಿಮೆ ಮಾಡಿದ್ದಾರೆ. ವಯಸ್ಸಾಯ್ತು, ಅದಕ್ಕೆ ಅಂತ ನಾವೆಲ್ಲ ಅಂದ್ಕೊಂಡಿದ್ದೆವು. ಈಗ ಅವರೂ ಒಲೆ ಮೇಲೆ ಹಾಲಿಟ್ಟು ದಿನಕ್ಕೆ ಹತ್ತು ಸಲ ಹಿಮ್ಮಡಿ ಎತ್ತುತ್ತಾರೆ.

ಸಂಕ್ರಾಂತಿಗೆ ಮತ್ತೆ ಎಲ್ಲರೂ ಸೇರಿದ್ದೆವು. ಎಳ್ಳು ಬೀರೋಕೆ ಹೊರಡುವ ಗಡಿಬಿಡಿ. ಅಕ್ಕ ಮಹಡಿ ಮೇಲೆ ಮಗುವಿಗೆ ಲಂಗ ಹಾಕಿ, ತನ್ನ ಸೀರೆ ಸೆರಗು ಸರಿಮಾಡಿಕೊಳ್ತಾ, "ಇವಳನ್ನ ಸ್ವಲ್ಪ ಕೆಳಗೆ ಕರ್ಕೊಂಡು ಹೋಗೋ" ಅಂತ ನನ್ನ ಕೈಗೆ ಕೊಟ್ಟಳು. ತಿರುಗಿಯೂ ನೋಡಲಿಲ್ಲ.

ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಕಂಬಿ. ಹದಿನಾರು ಮೆಟ್ಟಿಲು. ಎಣಿಸಿಕೊಂಡೇ ಇಳಿದೆ.

ಇವತ್ತು ರಾತ್ರಿ ಹಲ್ಲುಜ್ಜುವಾಗ ನೀವೂ ಒಂದ್ಸಲ ಒಂಟಿಕಾಲಲ್ಲಿ ನಿಂತು ನೋಡಿ. ಯಾವತ್ತೋ ಉಳುಕಿ ಮರೆತುಹೋದ ಕಾಲಿದ್ದರೆ, ಅದು ಮೊದಲು ಹೇಳುತ್ತೆ.